ಕರೆಂಟು ಬೇಡದ ಕಂಪ್ಯೂಟರು

ಆ ಮಂಗ ಟ್ರಾನ್ಸ್‌ಫಾರ್ಮರ್ ಕಂಬ ಹತ್ತದಿದ್ದರೆ ದೇವಿಕಾ ಟೀಚರಿಗೆ ಅವತ್ತಿನ ಫಜೀತಿಯೇ ಇರುತ್ತಿರಲಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕಂಬದ ಮೇಲೆ ಢಂ ಎಂದಿತು. ಮಂಗ ಬದುಕಿ ಓಡಿತು, ಕರೆಂಟು ಸತ್ತಿತು.

ಸುಲೇಪೇಟ ಹತ್ತಿರದ ಆ ಹೈಸ್ಕೂಲಿಗೆ ಹತ್ತು ಕಂಪ್ಯೂಟರು ಬಂದು ವರ್ಷವಾಗಿತ್ತು. ಧೂಳು ಕೂತೀತೆಂದು ಹೆಡ್‌ಮಾಸ್ತರ್ ಹಣಮಂತರಾಯರು ಅವಕ್ಕೆ ಹೊಸ ಸೊಸೆಯರ ಹಾಗೆ ಮುಸುಕು ಹೊದಿಸಿ, ಕೋಣೆಗೆ ಬೀಗ ಜಡಿದಿದ್ದರು. ಗಣಿತದ ಜೊತೆಗೆ ಕಂಪ್ಯೂಟರನ್ನೂ ಕೊರಳಿಗೆ ಕಟ್ಟಿಸಿಕೊಂಡಿದ್ದ ದೇವಿಕಾ, ಮಕ್ಕಳು ಒಂದು ಸಲವಾದರೂ ಮುಟ್ಟಲಿ ಎಂದು ಬೇಡಿ ಬೇಡಿ ಸಾಕಾಗಿದ್ದಳು. ಇವತ್ತು ತಾಲೂಕಿನಿಂದ ಮೇಡಂ ತಪಾಸಣೆಗೆ ಬರುತ್ತಾರೆಂದು ಬೀಗ ತೆಗೆದಿತ್ತು. ಒಂಬತ್ತನೆಯ ತರಗತಿಯವರು ಉಗುರು ಕತ್ತರಿಸಿಕೊಂಡು, ಕೈ ತೊಳೆದು ಕಾಯುತ್ತಿದ್ದರು.

"ಏನಾರ ಮಾಡ್ರಿ ಟೀಚರ್, ಮೇಡಂ ಹಾದ್ಯಾಗ ಅದಾರ!" ಎಂದರು ಹಣಮಂತರಾಯರು, ಬೆವರು ಒರೆಸುತ್ತ.

"ಕರೆಂಟ್ ನಾ ಎಲ್ಲಿಂದ ತರ್ಲಿ ಸರ್?"

"ಫಿಕರ್ ಮಾಡಬ್ಯಾಡ್ರಿ" ಎಂದು ಪಿ.ಟಿ. ಮಾಸ್ತರ್ ಗುಲಾಮ ದಸ್ತಗೀರರು ಹೋಗಿ, ಶಾಮಿಯಾನದ ನಬೀಸಾಬನ ಜನರೇಟರ್ ತಂದರು. ಅದು ಮುದಿ ಎಮ್ಮೆಯಂತೆ ಎರಡು ಸಲ ಕೆಮ್ಮಿ, ಕೋಣೆ ತುಂಬ ಕರಿ ಹೊಗೆ ಬಿಟ್ಟು ಮಲಗಿಬಿಟ್ಟಿತು.

"ನಿನ್ನೆ ಮದುವ್ಯಾಗ ಚಲೋ ನಡದಿತ್ರೀ" ಎಂದರು ದಸ್ತಗೀರರು. ಹೊಗೆಯಲ್ಲಿ ಅವರ ಹಲ್ಲು ಮಾತ್ರ ಕಾಣುತ್ತಿತ್ತು.

ದೇವಿಕಾ ಸುಸ್ತಾಗಿ ಬೆಂಚಿನ ಮೇಲೆ ಕೂತಳು. ಮಕ್ಕಳ ಮುಖ ನೋಡಲಾಗದೆ ಮತ್ತೆ ಎದ್ದು ಹಣಮಂತರಾಯರ ಕಡೆ ತಿರುಗಿದಳು.

"ಸರ್, ನೀವೇ ಕಂಪ್ಯೂಟರ್ ಆಗ್ರಿ. ಮಕ್ಕಳು ಹೇಳಿದಷ್ಟೇ ಮಾಡ್ರಿ. ಸ್ವಂತ ತಲಿ ಓಡಿಸಬ್ಯಾಡ್ರಿ."

"ಅದೇನ್ ಭಾಳ ಕಷ್ಟ ಅಲ್ಲ ಬಿಡ್ರಿ."

"ಮುಂದ ನಡೀರಿ ಸರ್" ಎಂದಳು ರಾಧಿಕಾ ಎಂಬ ಹುಡುಗಿ. ಅವರು ನಡೆದರು. ನಿಲ್ಲಿರೆಂದು ಯಾರೂ ಹೇಳಲಿಲ್ಲ. ಬೆಂಚು ದಾಟಿ, ಬಾಗಿಲು ದಾಟಿ, ಆಗಷ್ಟೇ ಜೀಪಿನಿಂದ ಇಳಿದು ಬರುತ್ತಿದ್ದ ತಾಲೂಕಿನ ಮೇಡಂಗೆ ಡಿಕ್ಕಿ ಹೊಡೆದರು. "ನಿಂದರ್ರಿ!" ಎಂದು ಇಡೀ ಕ್ಲಾಸು ಚೀರಿತು. ಅವರು ನಿಂತರು, ಮೇಡಂ ಪಾದದ ಮೇಲೆಯೇ.

"ಏನ್ ನಡದದ ಇಲ್ಲಿ?"

"ಪ್ರೋಗ್ರಾಂ ತಪ್ಪಾಗ್ಯದ್ರೀ ಮೇಡಂ" ಎಂದಳು ರಾಧಿಕಾ. "ಎಲ್ಲಿ ನಿಂದರಬೇಕಂತ ಮೊದಲೇ ಹೇಳಬೇಕಿತ್ತು."

ಮೇಡಂ ಕಾಲು ಉಜ್ಜಿಕೊಳ್ಳುತ್ತ ಕೂತರು. ಮಕ್ಕಳು ಹೆಡ್‌ಮಾಸ್ತರರನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ, ಕಡೆಗೆ ಕೊಡದಿಂದ ನೀರು ತರಿಸಿ ಮೇಡಂಗೇ ಕುಡಿಸಿದರು. ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ದೇವಿಕಾಳಿಗೆ ಧೈರ್ಯ ಬಂತು.

"ಮೇಡಂ, ಲ್ಯಾಬಿಗೆ ಒಂದು ಬ್ಯಾಟರಿ ಮಂಜೂರ್ ಮಾಡಿದ್ರ..."

"ಬ್ಯಾಟರಿ ಯಾಕ್ರೀ? ಕಂಪ್ಯೂಟರೇ ಇಲ್ಲದ ಇಷ್ಟು ಚೆಂದ ಕಲಸ್ತೀರಿ! ನಿಮಗ ಅವು ಬೇಕೇ ಇಲ್ಲ. ಹತ್ತೂ ಚಿಂಚೋಳಿ ಕಡಿ ಒಂದು ಸಾಲಿಗೆ ಕಳಸ್ತೀನಿ."

ಸಂಜೆಯೊಳಗೆ ಟೆಂಪೋ ಬಂತು. ದೇವಿಕಾ ತನ್ನ ಕೈಯಾರೆ ವೈರು ಸುತ್ತಿ ಕೊಟ್ಟಳು. ಜೀಪು ಹತ್ತುತ್ತ ಮೇಡಂ ತಿರುಗಿ ನೋಡಿದರು.

"ಟೀಚರ್, ಅಲ್ಲಿ ಕಲಿಸೋರು ಯಾರೂ ಇಲ್ಲ. ವಾರಕ್ಕ ಎರಡು ದಿನ ನೀವೇ ಹೋಗಿ ಬರ್ರಿ. ಹೊಸ ಕಟ್ಟಡ, ಇನ್ನಾ ವೈರಿಂಗ್ ಆಗಿಲ್ಲ. ನಿಮ್ಮಂಥವರೇ ಬೇಕು."

ಜೀಪಿನ ಧೂಳು ಅಡಗಿದ ಮೇಲೆ ದಸ್ತಗೀರರು ಮೆಲ್ಲಗೆ ಹತ್ತಿರ ಬಂದರು.

"ಆ ಸಾಲಿ ಹೆಡ್‌ಮಾಸ್ತರ್ ನನಗ ಗೊತ್ತರೀ ಟೀಚರ್. ಪಾಪ, ಮೊಣಕಾಲ್ ಬ್ಯಾನಿ. ಅಲ್ಲಿ ಕಂಪ್ಯೂಟರ್ ನೀವೇ ಆಗಬೇಕಾಗ್ತದ."