ಐದನೆಯ ಕುರಿ

ಸಾಮ್ರಾಜ್ಯ ಕಟ್ಟುವ ಗಂಡಸಿಗೆ ಹೆಂಡತಿ ಇರಬಾರದು. ಇದ್ದರೂ ಅವಳಿಗೆ ಬಾಯಿ ಇರಬಾರದು. ನನಗೆ ಎರಡೂ ಇದ್ದವು, ಎರಡಕ್ಕೂ ಕಸ್ತೂರೆಮ್ಮ ಎಂದೇ ಹೆಸರು.

ಸಿಂಧನೂರಿನ ಧಾನ್ಯದ ಪೇಟೆ ಗಂಜ್ ಪಕ್ಕದಲ್ಲಿ ನನ್ನದು ಗೋಣಿಚೀಲ, ಹಗ್ಗ, ತಾಡಪತ್ರಿ ಮಾರುವ ಅಂಗಡಿ. ಕಾಲುವೆ ನೀರಿಗೆ ಭತ್ತ ಹೆಚ್ಚಿತು, ಭತ್ತಕ್ಕೆ ಚೀಲ ಬೇಕಾಯಿತು, ನಾನು ಬಸವಂತರಾಯ ಹೋಗಿ ಬಸವಂತ ಚಕ್ರವರ್ತಿಯಾದೆ (ನನ್ನ ಮನಸ್ಸಿನಲ್ಲಿ). ಎಂಬತ್ತೇಳರ ದೀಪಾವಳಿಗೆ ಮಸ್ಕಿಯಲ್ಲಿ ಎರಡನೇ ಅಂಗಡಿ ತೆರೆದೆ. ಬೇಸಿಗೆ ಬರುವಷ್ಟರಲ್ಲಿ ಲಿಂಗಸುಗೂರಿನಲ್ಲೂ ಒಂದು ಮಳಿಗೆ ನೋಡಿಬಂದೆ. ಮಸ್ಕಿಯ ಅಂಗಡಿಯಲ್ಲಿ ನಾನಿಲ್ಲದಾಗ ಇಲಿಗಳು ಚೀಲಗಳನ್ನು ಕಡಿದು ಹಾಕಿದ್ದವು ನಿಜ. ಅಂಥ ಚಿಲ್ಲರೆ ವಿಷಯಕ್ಕೆ ದಂಡಯಾತ್ರೆ ನಿಲ್ಲಿಸಲಾಗುತ್ತದೆಯೇ?

"ವಾರದಾಗ ಎರಡು ದಿನ ಮಸ್ಕಿ, ಮೂರು ದಿನ ಲಿಂಗಸುಗೂರು, ಉಳಿದದ್ದು ಇಲ್ಲೆ" ಎಂದು ಊಟಕ್ಕೆ ಕೂತಾಗ ಘೋಷಿಸಿದೆ.

"ಉಳಿದದ್ದು ಅಂದ್ರ ನಾನೇನ್ರೀ?" ಕಸ್ತೂರೆಮ್ಮ ಸಾರಿನ ಸೌಟು ಹಾಗೇ ಹಿಡಿದಳು. "ಮಗಳು ಗಂಡನ ಮನಿಗೆ ಹೋಗ್ಯಾಳ. ಅತ್ತಿಯವರು ಹೋಗಿ ಮೂರು ವರ್ಷ ಆತು. ನಾ ಒಬ್ಬಾಕಿ ಗ್ವಾಡಿ ಕೂಡ ಮಾತಾಡಿಕೋತ ಕುಂದರ್ಲೇನು?"

"ಧೈರ್ಯ ಇಲ್ಲದೋರು ಬೆಳಿಯಾಂಗಿಲ್ಲ."

"ಹಿಂದ ನೋಡಲಾರದೋರು ಉಳಿಯಾಂಗಿಲ್ಲ!"

ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ಸಿಟ್ಟಿನಿಂದ ಹಿತ್ತಲ ಪಡಸಾಲೆಗೆ ಹೋದೆ. ಅಲ್ಲಿ ನೆಲದ ಬಂಡೆಯ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದಿದೆ. ನಮ್ಮವ್ವ ಅಂಬಮ್ಮನ ಆಟ ಅದು. ಮೂರು ಕರಿಕಲ್ಲು ಹುಲಿ, ಹದಿನೈದು ಹುಣಸೆಬೀಜ ಕುರಿ. ಕುರಿಯ ಬೆನ್ನ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಅದನ್ನು ಹಾರಿ ತಿನ್ನುತ್ತದೆ. ಕುರಿಗಳು ಹುಲಿಗೆ ಅಲುಗಾಡಲು ಜಾಗವಿಲ್ಲದಂತೆ ಮುತ್ತಿದರೆ ಕುರಿಯ ಗೆಲುವು.

"ಬಾ ಇಲ್ಲೆ! ನಾ ಕುರಿ, ನೀ ಹುಲಿ. ದಿನಕ್ಕ ಒಂದೊಂದು ನಡಿ. ನಾ ಗೆದ್ರ ಲಿಂಗಸುಗೂರು. ಐದು ಕುರಿ ಸತ್ರ ನಾ ಮನಿ ಬಿಟ್ಟು ಕದಲಾಂಗಿಲ್ಲ" ಎಂದು ಕೂಗಿ, ಮೊದಲ ಕುರಿ ಇಟ್ಟೆ.

ಒಳಗೆ ಪಾತ್ರೆಗಳು ದಡಬಡ ಎಂದವು. ಅಂದಿನಿಂದ ನಮ್ಮಲ್ಲಿ ಮಾತು ಬಂದ್. ಆದರೆ ಮರುದಿನ ಸಂಜೆ ಬಂದು ನೋಡುತ್ತೇನೆ, ಒಂದು ಹುಲಿ ಒಂದು ಮನೆ ಸರಿದಿದೆ. ಒಪ್ಪಿಕೊಂಡಳು ಅಂದುಕೊಂಡೆ.

ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ನನ್ನ ನಡೆ. ಸಂಜೆಯ ಹೊತ್ತಿಗೆ ಹುಲಿಯ ನಡೆ. ನಾನು ನನ್ನ ಸ್ವಭಾವದಂತೆ ಕುರಿಗಳನ್ನು ನಾಲ್ಕೂ ದಿಕ್ಕಿಗೆ ಹರಡಿದೆ. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಹದಿನೈದೂ ಕುರಿ ಇಟ್ಟಾಗಿತ್ತು, ಅವುಗಳಲ್ಲಿ ಮೂರು ಸತ್ತಿದ್ದವು. ಸರಿದ ಹುಲಿಯ ಮೇಲೆ ಯಾವಾಗಲೂ ಒಂದು ಬಿಳಿ ಬೆರಳಿನ ಗುರುತು ಇರುತ್ತಿತ್ತು. ಗೋಡೆಯ ಸುಣ್ಣ ಹತ್ತಿರಬೇಕು ಎಂದು ಸುಮ್ಮನಿದ್ದೆ.

ಶನಿವಾರ ಕಸ್ತೂರೆಮ್ಮ ತಂಗಿಯ ಕೂಸಿನ ತೊಟ್ಟಿಲ ಕಾರ್ಯಕ್ಕೆ ಪಾಮನಕಲ್ಲೂರಿಗೆ ಹೊರಟಳು. "ರೊಟ್ಟಿ ಬುಟ್ಟಿಯಾಗ ಅದಾವ, ಬುಧವಾರ ಬರತೀನಿ" ಎಂದು ಬೆಕ್ಕಿಗೆ ಹೇಳಿದಳು. "ಹುಷಾರಾಗಿ ಹೋಗಿ ಬಾ" ಎಂದು ನಾನೂ ಬೆಕ್ಕಿಗೇ ಹೇಳಿದೆ.

ಭಾನುವಾರ ಬೆಳಿಗ್ಗೆ ಅಭ್ಯಾಸಬಲದಿಂದ ಕುರಿ ಸರಿಸಿ, ಮನೆಗೆ ಬೀಗ ಹಾಕಿ ಹೋದೆ. ಸಂಜೆ ಬೀಗ ತೆಗೆದು ಹಿತ್ತಲ ಪಡಸಾಲೆಗೆ ಬಂದೆ.

ನಾಲ್ಕನೇ ಕುರಿ ಸತ್ತಿತ್ತು. ಹುಲಿಯ ಬೆನ್ನ ಮೇಲೆ ಬಿಳಿ ಬೆರಳು.

ಮೂಸಿ ನೋಡಿದೆ. ಗೋಡೆಯ ಸುಣ್ಣವಲ್ಲ, ಎಲೆಗೆ ಹಚ್ಚುವ ಸುಣ್ಣ. ನಾನು ಎಲೆ ಹಾಕುವುದಿಲ್ಲ, ಕಸ್ತೂರೆಮ್ಮನೂ ಹಾಕುವುದಿಲ್ಲ. ಈ ಮನೆಯಲ್ಲಿ ಎಲೆ ಹಾಕುತ್ತಿದ್ದವಳು ನಮ್ಮವ್ವ ಒಬ್ಬಳೇ. ನನ್ನ ಮೈಯ ಕೂದಲೆಲ್ಲ ನೆಟ್ಟಗೆ ನಿಂತವು (ತಲೆಯಲ್ಲಿ ನಿಲ್ಲುವಷ್ಟು ಉಳಿದಿಲ್ಲ).

ಸೋಮವಾರ ಮಟಮಟ ಮಧ್ಯಾಹ್ನ ಅಂಗಡಿಯಲ್ಲಿ ಕೂರಲಾಗದೆ ಮನೆಗೆ ಬಂದೆ. ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಬೀಗ ತೆಗೆದು ಒಳಗೆ ಕಾಲಿಟ್ಟರೆ, ಹಿತ್ತಲ ಪಡಸಾಲೆಯಿಂದ ಸದ್ದು. ಚರ್, ಚರ್, ಚರ್. ಮೊರದಲ್ಲಿ ಅಕ್ಕಿ ಕೇರುವ ಸದ್ದು. ಅವ್ವ ಬದುಕಿರುವವರೆಗೆ ಮಧ್ಯಾಹ್ನ ಊಟಕ್ಕೆ ಬಂದಾಗಲೆಲ್ಲ ಕೇಳುತ್ತಿದ್ದ ಸದ್ದು ಅದೇ.

"ಅವ್ವಾ?" ಎಂದೆ.

ಸದ್ದು ಥಟ್ಟನೆ ನಿಂತಿತು. ಚಪ್ಪಲಿ ಬಿಟ್ಟು ಓಡಿದವನಿಗೆ ಗಂಜ್ ಮುಟ್ಟಿದ ಮೇಲೆಯೇ ಅಂಗಾಲು ಸುಟ್ಟದ್ದು ಗೊತ್ತಾಗಿದ್ದು.

ಮಂಗಳವಾರ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಧರಿಸಿ ಬಂಡೆಯ ಮುಂದೆ ಕೂತೆ. ಐದನೆಯ ಕುರಿಯ ಬೆನ್ನು ಖಾಲಿ. ಎಲ್ಲಿಂದ ಯಾವ ಕುರಿ ತಂದರೂ ಮುಚ್ಚಲಾಗದಷ್ಟು ದೂರ ಹರಡಿಕೊಂಡಿದ್ದೆ. ಯಾವುದೋ ಒಂದನ್ನು ಸರಿಸಿ, ಪಕ್ಕದಲ್ಲಿ ಎಲೆ, ಅಡಿಕೆ, ಸುಣ್ಣ ಇಟ್ಟು ಕೈಮುಗಿದೆ. "ಅವ್ವಾ, ನನಗ ಲಿಂಗಸುಗೂರು ಬ್ಯಾಡ. ನಿನ್ನ ಸೊಸಿನ್ನ ಒಬ್ಬಾಕಿನ್ನ ಬಿಟ್ಟು ಹೋಗಾಂಗಿಲ್ಲ. ನಿನ್ನಾಣಿ."

ಸಂಜೆ ಬಂದಾಗ ಎಲೆ ಅಡಿಕೆ ಇರಲಿಲ್ಲ. ಹುಲಿ ಐದನೆಯ ಕುರಿಯನ್ನು ತಿಂದಿರಲಿಲ್ಲ, ಒಂದು ಮನೆ ಹಿಂದೆ ಸರಿದಿತ್ತು. ಬೆನ್ನ ಮೇಲಿನ ಸುಣ್ಣ ಇನ್ನೂ ಹಸಿ. ನಾನು ಅಲ್ಲೇ ಕೂತು ಗಳಗಳ ಅತ್ತೆ. ಅತ್ತು ಮುಗಿಸಿ, ಮಳಿಗೆ ಬೇಡವೆಂದು ಲಿಂಗಸುಗೂರಿಗೆ ಕಾರ್ಡು ಬರೆದು ಡಬ್ಬಿಗೆ ಹಾಕಿಬಂದೆ.

ಬುಧವಾರ ಕಸ್ತೂರೆಮ್ಮ ಬಂದಳು. ಬೆಕ್ಕಿನ ಮಧ್ಯಸ್ಥಿಕೆ ಬಿಟ್ಟು ನೇರವಾಗಿ ಎಲ್ಲವನ್ನೂ ಹೇಳಿದೆ.

"ನಾ ಯಾವಾಗ ಆಡೇನ್ರೀ? ಆ ಕಲ್ಲು ಮುಟ್ಟೇ ಇಲ್ಲ" ಎಂದವಳು, ಮೊರದ ಸದ್ದಿನ ಮಾತು ಬಂದಾಗ ಬಾಯಿಗೆ ಸೆರಗು ಒತ್ತಿಕೊಂಡಳು. "ಮಧ್ಯಾಹ್ನ ಮನಿಯಾಗ ಇರ್ರಿ. ನಿಮ್ಮ ದೆವ್ವ ತೋರಸ್ತೀನಿ."

ಹನ್ನೆರಡಕ್ಕೆ ಹಿತ್ತಲ ಬಾಗಿಲ ಸಂದಿಯಲ್ಲಿ ಹೊರಗಿನಿಂದ ಒಂದು ಕಡ್ಡಿ ತೂರಿತು, ಅಗಳಿ ಸರಿಯಿತು. ಒಳಗೆ ಬಂದವಳು ಹಸೀನಾಬೀ, ಬಾಯಿ ತುಂಬ ಎಲೆ, ಕಂಕುಳಲ್ಲಿ ಮೊರ. ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಅಕ್ಕಿ ಹಸನು ಮಾಡುವವಳಂತೆ. (ಅನ್ನದಲ್ಲಿ ಕಲ್ಲು ಯಾಕೆ ಸಿಗುವುದಿಲ್ಲ ಎಂದು ಚಕ್ರವರ್ತಿಗಳು ಯೋಚಿಸುವುದಿಲ್ಲ.)

"ದೊಡ್ಡವ್ವಾರು ಮುಂಜಾನೆ ಒಂದು ಕುರಿ ಇಡೋರು, ನಾ ಕೆಲಸಕ್ಕ ಬಂದಾಗ ಒಂದು ಹುಲಿ ನಡಸತಿದ್ದೆ. ಅಷ್ಟು ವರ್ಷ ಹಂಗೇ ಆಡೇವ್ರಿ" ಎಂದಳು. "ಮೊನ್ನೆ ಒಂದಿನ ಬಂದು ನೋಡ್ತೀನಿ, ಕಲ್ಲ ಮ್ಯಾಲ ಕುರಿ! ಯಾ ಅಲ್ಲಾ, ಅವ್ವಾರು ತಿರುಗಿ ಬಂದಾರ ಅಂತ ಹೊರಗ ಓಡಿ ನಿಂತೆ. ಆದ್ರೂ ಕರದಾರಲ್ಲ ಅಂತ ಆಡಿದೆ. ನಾಕು ದಿನಕ್ಕ ಧೈರ್ಯ ಬಂತ್ರಿ."

"ಹ್ಯಾಂಗ ಬಂತು?"

"ಇಷ್ಟು ಕೆಟ್ಟ ಆಟ ಅವ್ವಾರು ಆಡಾಂಗಿಲ್ಲ. ಇದು ಸಾವಕಾರ್ರೇ ಅಂತ ಗೊತ್ತಾತು."

ಕಸ್ತೂರೆಮ್ಮ ನಗು ತಡೆಯಲಾರದೆ ಗೋಡೆ ಹಿಡಿದಳು. ನನಗೆ ಅವಮಾನವಾದರೂ ಜೀವ ಹಗುರಾಯಿತು. ದೆವ್ವವಿಲ್ಲ ಎಂದಮೇಲೆ ಆಣೆಯೂ ಇಲ್ಲ. ಡಬ್ಬಿಯ ಟಪಾಲು ಎಷ್ಟು ಗಂಟೆಗೆ ತೆಗೆಯುತ್ತಾರೆ ಎಂದು ಆಗಲೇ ಯೋಚಿಸತೊಡಗಿದ್ದೆ.

"ಇರ್ಲಿ. ನಿನ್ನೆ ಆ ಕುರಿ ಯಾಕ ತಿನಲಿಲ್ಲ ನೀ?" ಎಂದೆ.

ಹಸೀನಾಬೀ ಎಲೆ ಅಗಿಯುವುದನ್ನು ನಿಲ್ಲಿಸಿದಳು.

"ನಿನ್ನೆ ನಾ ಬಂದಿಲ್ರಿ. ಸೋಮವಾರ ಬೀಗ ಹಾಕಿದ ಮನಿ ಒಳಗಿಂದ ಯಾರೋ 'ಅವ್ವಾ' ಅಂದ್ರು. ಮೊರ ಎತಗೊಂಡು ಓಡಿದಾಕಿ, ಅಕ್ಕಾರು ಬಂದಾರ ಅಂತ ಕೇಳಿ ಇವತ್ತೇ ಬರಾಕತ್ತೀನಿ."

ಮೂವರೂ ಬಂಡೆಯ ಕಡೆ ನೋಡಿದೆವು. ಕಸ್ತೂರೆಮ್ಮನ ನಗು ನಿಂತಿತ್ತು, ಅವಳ ಕೈ ನನ್ನ ತೋಳು ಹಿಡಿದಿತ್ತು. ಹಸೀನಾಬೀ ಬಗ್ಗಿ ಹುಲಿಯ ಮೇಲಿನ ಬಿಳಿ ಗುರುತಿನ ಪಕ್ಕ ತನ್ನ ಬೆರಳು ಹಿಡಿದು ನೋಡಿದಳು. ಗುರುತು ಅವಳ ಬೆರಳಿಗಿಂತ ಸಣ್ಣದಿತ್ತು.

"ನಾ ಆಗಿದ್ರ ತಿಂತಿದ್ದೆ" ಎಂದಳು ಮೆಲ್ಲಗೆ. "ಅವ್ವಾರು ಆಟದಾಗ ನನಗ ಒಂದಿನ ದಯಾ ತೋರಿಸಿಲ್ರಿ. ಮಗ ಅಂತ ಬಿಟ್ಟಾರ ನೋಡ್ರಿ."

"ಮಗ ಅಂತ ಅಲ್ಲ" ಎಂದಳು ಕಸ್ತೂರೆಮ್ಮ, ನನ್ನ ತೋಳು ಬಿಡದೆ. "ದಡ್ಡ ಅಂತ."