ಮೃದುಭಾಷಿಯ ಸ್ಮರಣ ಸಂಚಿಕೆ

ಕನ್ನಡವನ್ನು ತಪ್ಪಿಲ್ಲದೆ ಬರೆಯುತ್ತಾನೆಂಬ ಕೀರ್ತಿ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಒಮ್ಮೆ ಅಂಟಿಕೊಂಡಿತೆಂದರೆ ಮುಗಿಯಿತು; ಸುತ್ತಮುತ್ತ ಯಾರು ಮದುವೆಯಾದರೂ, ನಿವೃತ್ತರಾದರೂ, ತೀರಿಕೊಂಡರೂ ಜನ ಬಂದು ಒತ್ತುವುದು ನಮ್ಮ ಮನೆಯ ಕರೆಗಂಟೆಯನ್ನೇ. ನಲವತ್ತು ವರ್ಷ ಹಳಗನ್ನಡ ಗದ್ಯವನ್ನು ಪಾಠ ಹೇಳಿದ ನನಗೆ ಹೋದ ವರ್ಷ ಹೀಗೆ ಒದಗಿದ್ದು ಒಬ್ಬ ಫುಟ್‌ಬಾಲ್ ಆಟಗಾರರ ಸ್ಮರಣ ಸಂಚಿಕೆಯ ಸಂಪಾದಕತ್ವ.

ದಿವಂಗತರು ರಬಾಳೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ಅಲ್ಲಿಯ ತಂಡದಲ್ಲಿ ಡಿಫೆಂಡರ್ ಆಗಿ ಆಡಿದವರು. ತಂಡ ವಿಸರ್ಜನೆಯಾದ ಮೇಲೂ ಹಳೆಯ ಗೆಳೆಯರನ್ನು ಕೂಡಿಸಿಕೊಂಡು ಪ್ರತಿ ರವಿವಾರ ಕಲ್ಯಾಣದ ಮೈದಾನಕ್ಕೆ ಹೋಗುತ್ತಿದ್ದರು. ಠಾಣೆಯಿಂದ ಕಲ್ಯಾಣದವರೆಗೆ ಅಭಿಮಾನಿಗಳಿಲ್ಲದ ಸ್ಟೇಷನ್ ಇರಲಿಲ್ಲ. ಅವರ ಪತ್ನಿ ಧಾರವಾಡದ ಕಡೆಯವರು, ನಮ್ಮ ಕಟ್ಟಡದಲ್ಲೇ ಮೂರನೆಯ ಮಾಳಿಗೆಯಲ್ಲಿದ್ದಾರೆ. ನನ್ನಲ್ಲಿಗೆ ಬಂದು ಒಂದೇ ಒಂದು ಕೋರಿಕೆಯಿಟ್ಟರು.

"ಸರ, ಮೂವತ್ತು ವರ್ಷ ಪ್ರತಿ ರವಿವಾರ ಗ್ರೌಂಡಿಗೆ ಹೋಗಿ ಗಂಟಲಾ ಕೆಡಿಸಿಕೊಂಡು ಬರ್ತಿದ್ರು. ಯಾಕ್ರಿ ಅಂದ್ರ 'ಧೂಳು' ಅಂತಿದ್ರು. ನಾನೂ ನೋಡಾಕ ಬರ್ತೀನಿ ಅಂದ್ರ 'ನೀ ಬಂದ್ರ ನನಗ ಆಡಾಕ ಆಗೂದಿಲ್ಲ' ಅಂತಿದ್ರು. ಮನ್ಯಾಗ ದಿನಕ್ಕ ಹತ್ತು ಮಾತು ಆಡಿದ್ರ ಹೆಚ್ಚು. ಅಲ್ಲಿ ಹೆಂಗಿದ್ರು ಅನ್ನೂದು ನನಗ ಗೊತ್ತಿಲ್ಲ. ಅದೊಂದು ಖರೇ ಮಾತು ಪುಸ್ತಕದಾಗ ಬರಲಿ, ಸಾಕು."

ಒಂದೇ ಒಂದು ನಿಜವಾದ ಮಾತು ತಾನೆ, ಅದೇನು ಮಹಾ, ಎಂದುಕೊಂಡು ಒಪ್ಪಿದೆ. ನನ್ನ ದುರ್ದೆಸೆ ಅಲ್ಲಿಂದ ಮೊದಲಾಯಿತು.

೧. ಲೇಖನಗಳು

ಹದಿನಾಲ್ಕು ಲೇಖನಗಳು ಬಂದವು. ಹದಿಮೂರರಲ್ಲಿ ಲೇಖಕರೇ ಗೋಲು ಹೊಡೆದಿದ್ದರು. ದಿವಂಗತರು ಕೊನೆಯ ವಾಕ್ಯದಲ್ಲಿ ಮಾತ್ರ, ಓಡಿಬಂದು ಲೇಖಕರನ್ನು ತಬ್ಬಿಕೊಳ್ಳುವುದಕ್ಕಾಗಿ, ಕಾಣಿಸಿಕೊಳ್ಳುತ್ತಿದ್ದರು. ಒಂದೇ ಪಂದ್ಯದ ಒಂದೇ ಗೋಲನ್ನು ನಾಲ್ವರು ಬೇರೆ ಬೇರೆಯಾಗಿ ಹೊಡೆದದ್ದೂ ಉಂಟು.

ಹದಿನಾಲ್ಕನೆಯದು ಘೋಡಬಂದರ್ ರಸ್ತೆಯ ಒಬ್ಬ ಅಭಿಮಾನಿಯದು; ಬೆಂಗಳೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಅದರಲ್ಲಿ ದಿವಂಗತರು ಮೃದುಭಾಷಿ, ಅಜಾತಶತ್ರು, ಸದಾ ಹಸನ್ಮುಖಿ ಎಂದೆಲ್ಲ ಬರೆದು, ಅವರ ಬ್ಯಾಟಿಂಗನ್ನು ಮರೆಯಲು ಸಾಧ್ಯವೇ ಎಂದು ಮುಗಿಸಿದ್ದರು. ಫೋನ್ ಮಾಡಿ ವಿನಯದಿಂದಲೇ ವಿಚಾರಿಸಿದೆ.

"ಓ, ಅದಾ ಸರ್? ಹೋದ ತಿಂಗಳು ನಮ್ಮ ಸೊಸೈಟಿಯಲ್ಲಿ ಇನ್ನೊಬ್ಬರು ಹೋದರು. ಅವರಿಗೆ ಬರೆದಿದ್ದು ಚೆನ್ನಾಗಿ ಬಂದಿತ್ತು."

"ಇವರು ಬ್ಯಾಟು ಹಿಡಿದವರಲ್ಲವಲ್ಲ."

"ಬ್ಯಾಟಿಂಗ್ ತೆಗೆದು ಕಿಕ್ಕಿಂಗ್ ಅಂತ ಹಾಕಿಬಿಡಿ ಸರ್. ಉಳಿದಿದ್ದು ಯಾರಿಗಾದರೂ ಆಗುತ್ತೆ."

೨. ಮುಖಪುಟ

ಮುಖಪುಟಕ್ಕೆ ದಿವಂಗತರ ಒಂಟಿ ಭಾವಚಿತ್ರ ಯಾರಲ್ಲಿಯೂ ಇರಲಿಲ್ಲ. ಹನ್ನೊಂದು ಜನ ಸಾಲಾಗಿ ನಿಂತ ಒಂದು ಹಳೆಯ ಚಿತ್ರವಿತ್ತು. ಅದನ್ನು ಕತ್ತರಿಸಿ ಅವರೊಬ್ಬರನ್ನೇ ಉಳಿಸೋಣವೆಂದರೆ ಉಳಿದ ಹತ್ತು ಜನರೂ ಮುನಿಸಿಕೊಂಡರು. ತಲೆಯ ಸುತ್ತ ಒಂದು ವೃತ್ತ ಎಳೆಸೋಣವೆಂದೆ. ಪೊಲೀಸರು ಹುಡುಕುತ್ತಿರುವವನ ಹಾಗೆ ಕಾಣುತ್ತದೆ ಎಂದರು. ಕೊನೆಗೆ, ಕಂಪ್ಯೂಟರಿನಲ್ಲಿಯೇ ಅವರ ಕೊರಳಿಗೊಂದು ಹೂವಿನ ಹಾರ ಹಾಕಿಸುವುದೆಂದು ತೀರ್ಮಾನವಾಯಿತು.

ಕಲ್ಯಾಣದ ಮುದ್ರಕ ಮಹಾಶಯನು ಎಡಗಡೆಯಿಂದ ಎಣಿಸೆಂದರೆ ಬಲಗಡೆಯಿಂದ ಎಣಿಸಿದ. ಹಾರ ಬಿದ್ದದ್ದು ತಂಡದ ಗೋಲ್‌ಕೀಪರನ, ಅಂದರೆ ಎಲ್ಲರೂ 'ಗೋಲಿ' ಎನ್ನುವವನ, ಕೊರಳಿಗೆ. ಗೋಲಿ ಕರಾವಳಿಯ ಮನುಷ್ಯ. ಖಾರಘರದಲ್ಲಿ ಸಕುಟುಂಬನಾಗಿ ಸುಖವಾಗಿದ್ದಾನೆ. ಮುದ್ರಕನು ಆ ಮಾದರಿಯನ್ನು ನನಗೆ ತೋರಿಸುವ ಮೊದಲೇ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದ.

ಮಧ್ಯಾಹ್ನ ಗೋಲಿಯ ಫೋನ್ ಬಂತು. "ಎಂಥ ಸರ್ ಇದು? ಬೆಳಿಗ್ಗೆಯಿಂದ ಒಂದೇ ಸಮ ಫೋನು."

ಕ್ಷಮೆ ಕೇಳಿ, ಫೋನ್ ಮಾಡಿದವರು ಏನೆಂದರೆಂದು ವಿಚಾರಿಸಿದೆ.

"ಎಂಥ ಹೇಳುದು? ನಾನೇ ಎತ್ತಿದೆನಲ್ಲ. ಒಬ್ಬನಿಗಂತೂ ಸಿಟ್ಟೇ ಬಂತು ಮಾರಾಯ್ರೆ. ಅರ್ಧ ದಿನ ರಜೆ ಹಾಕಿ ಲೋಕಲ್ ಹಿಡಿದು ಠಾಣೆವರೆಗೆ ಬಂದಾಗಿದೆ, ಬದುಕಿದ್ದೇನೆ ಅಂತ ಈಗ ಹೇಳ್ತಿಯಾ ಅಂತ ಬೈದ."

೩. ಸಭೆ

ವರ್ಷ ತುಂಬಿದ ದಿನದ ಶ್ರದ್ಧಾಂಜಲಿ ಸಭೆಯಲ್ಲಾದರೂ ಆ ಒಂದು ಮಾತು ಸಿಕ್ಕೀತೆಂದು ಟಿಪ್ಪಣಿ ಪುಸ್ತಕ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತೆ. ಪಕ್ಕದಲ್ಲಿ ದಿವಂಗತರ ಪತ್ನಿ, ಆ ತಾಯಿ.

ಒಂಬತ್ತು ಜನ ಮಾತನಾಡಿದರು. ಒಂಬತ್ತು ಜನರೂ ದಿವಂಗತರನ್ನು ಮೃದುಭಾಷಿ ಎಂದರು. ಆ ಪದ ವೇದಿಕೆಯಿಂದ ಹೊರಟಾಗಲೆಲ್ಲ ಹಿಂದಿನ ಸಾಲಿನಲ್ಲಿ ಕುಳಿತ ಹಳೆಯ ಆಟಗಾರರಿಗೆ ಒಟ್ಟಿಗೆ ಕೆಮ್ಮು ಬರುತ್ತಿತ್ತು. ನಾಲ್ಕನೆಯ ಭಾಷಣಕ್ಕೆ ಅವರಲ್ಲಿ ಇಬ್ಬರು ಕರವಸ್ತ್ರ ಬಾಯಿಗಿಟ್ಟುಕೊಂಡು ಹೊರನಡೆದರು. ಶೋಕಾತಿರೇಕವೆಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು.

ಸಭೆ ಮುಗಿದ ಮೇಲೆ ಗೋಲಿಯನ್ನು ಹಿಡಿದು ನಿಲ್ಲಿಸಿದೆ. "ನಿಜ ಹೇಳಿ, ಮೈದಾನದಲ್ಲಿ ಅವರು ಹೇಗಿದ್ದರು?"

"ಸತ್ತವರ ವಿಷಯ ಸರ್. ಒಳ್ಳೇದೇ ಹೇಳಬೇಕಲ್ಲ."

"ಹಾಗಾದರೆ ಕೆಟ್ಟದ್ದಿತ್ತೆ?"

"ಕೆಟ್ಟದ್ದು ಅಂತಲ್ಲ," ಎಂದು ಆತ ಸುತ್ತ ನೋಡಿ, ನನ್ನ ಟಿಪ್ಪಣಿ ಪುಸ್ತಕವನ್ನು ನೋಡಿ, "ಬರೆಯುವ ಹಾಗೆ ಇಲ್ಲ," ಎಂದ.

ಆ ತಾಯಿ ಮೆಟ್ಟಿಲಿಳಿಯುತ್ತ ನನ್ನನ್ನು ಕೇಳಿದರು: "ಮೃದುಭಾಷಿ ಅನ್ನೂದು ನನಗ ಮೊದಲಽ ಗೊತ್ತಿತ್ತಲ್ಲ, ಸರ. ಇದನ್ನ ಹೇಳಾಕ ಒಂಬತ್ತು ಮಂದಿ ಬೇಕಾಗಿತ್ತೇನು?"

೪. ಪಂದ್ಯ

ಮರುದಿನ ರವಿವಾರ ಬೆಳಿಗ್ಗೆ ಕಲ್ಯಾಣದಲ್ಲಿ ಸ್ಮಾರಕ ಪಂದ್ಯ. ಈ ಬಾರಿ ತಡೆಯುವವರಿಲ್ಲವಾದ್ದರಿಂದ ಆಕೆ ಬಂದರು, ನಾನು ಜೊತೆಗೆ.

ಗೆಳೆಯರ ತಂಡವು ಗೌರವಾರ್ಥವಾಗಿ ಹನ್ನೊಂದು ಜನರಿಗೂ ದಿವಂಗತರ ನೀಲಿ ಜರ್ಸಿಯನ್ನೂ ಅವರ ಐದನೆಯ ನಂಬರನ್ನೂ ಹೊಲಿಸಿತ್ತು. ಅಭಿಮಾನಿಗಳ ತಂಡವೂ, ಯಾರಿಗೂ ತಿಳಿಯದಿರಲೆಂದು ಗುಟ್ಟಾಗಿ, ಅದನ್ನೇ ಮಾಡಿತ್ತು. ಇಪ್ಪತ್ತೆರಡು ಜನ ಒಂದೇ ಬಣ್ಣ, ಒಂದೇ ನಂಬರು ತೊಟ್ಟು ಎದುರುಬದುರು ನಿಂತರು. ಬದಲಿಸಿರೆಂದು ರೆಫರಿ ಬೇಡಿಕೊಂಡ. ಹೋದವನ ನಂಬರನ್ನು ಮೈಯಿಂದ ಬಿಚ್ಚುವುದು ಅವನಿಗೆ ಅಪಮಾನವೆಂದು ಎರಡೂ ಬಣದವರು ಪಟ್ಟುಹಿಡಿದರು.

ಪಂದ್ಯ ನಡೆಯಿತು. ಎಲ್ಲರೂ ಎಲ್ಲರಿಗೂ ಚೆಂಡು ಕೊಟ್ಟರು. ರೆಫರಿ ಒಮ್ಮೆ ಹಳದಿ ಕಾರ್ಡು ತೆಗೆದು "ಐದನೇ ನಂಬರ್" ಎಂದಾಗ ಇಪ್ಪತ್ತೆರಡು ಜನರೂ ಪಕ್ಕದವನನ್ನು ತೋರಿಸಿದರು. ಕೊನೆಕೊನೆಗೆ ಚೆಂಡು ಯಾರೂ ಒದೆಯದೆಯೇ, ಇಳಿಜಾರಿನ ದೆಸೆಯಿಂದ, ಗೋಲಿಯ ಕಡೆಗೆ ಮೆಲ್ಲನೆ ಉರುಳತೊಡಗಿತು. ಮೂವರು ಡಿಫೆಂಡರುಗಳು ಸೊಂಟದ ಮೇಲೆ ಕೈಯಿಟ್ಟು "ನಿಂದು", "ನಿಂದು" ಎಂದು ಒಬ್ಬರಿಗೊಬ್ಬರು ಉಪಚಾರ ಮಾಡುತ್ತ ನಿಂತರು.

ಗೋಲಿಯ ತಾಳ್ಮೆ ಹೋಯಿತು. ಆತ ಬಾಯಿ ತೆರೆದ. ಧಾರವಾಡದ ಕನ್ನಡದಲ್ಲಿ ಹೊರಟ ವಾಕ್ಯ ಮರಾಠಿಯಲ್ಲಿ ತಿರುಗಿ ಹಿಂದಿಯಲ್ಲಿ ಮುಗಿಯಿತು. ಅದರಲ್ಲಿ ಆ ಮೂವರ ಮೊಣಕಾಲು, ಬುದ್ಧಿ ಮತ್ತು ವಂಶಾವಳಿಗಳ ಕ್ರಮಬದ್ಧವಾದ ವರ್ಣನೆಯಿತ್ತು. ಅದು ಕಿವಿಗೆ ಬಿದ್ದದ್ದೇ ತಡ, ಐವತ್ತು ದಾಟಿದ ಆ ಮೂವರೂ ಬೆದರಿ ತಮ್ಮ ತಮ್ಮ ಸ್ಥಾನಕ್ಕೆ ಓಡಿದರು. ಒಬ್ಬ ಚೆಂಡನ್ನು ದೂರಕ್ಕೊದೆದ. ಮರುಕ್ಷಣ ಎಲ್ಲರೂ ಆ ತಾಯಿ ಕುಳಿತ ಕಡೆ ನೋಡಿ ನಿಂತುಬಿಟ್ಟರು.

ಆಕೆ ಎದ್ದು ನೇರವಾಗಿ ಗೋಲುಕಂಬದ ಬಳಿಗೆ ನಡೆದರು. ನಾನು ಹಿಂದೆ.

"ಇದು ಯಾರ ಮಾತು?"

ಗೋಲಿ ತಲೆ ತಗ್ಗಿಸಿದ. "ಅವನದ್ದೇ ಅತ್ತಿಗೆ. ಪ್ರತಿ ರವಿವಾರ ಹೇಳ್ತಿದ್ದ."

"ಇಷ್ಟಽ ಏನು?"

"ಇದು ಬರೇ ಶುರು."

"ಪೂರ್ತಿ ಹೇಳು."

"ಸರ್ ಇದ್ದಾರಲ್ಲ ಅತ್ತಿಗೆ."

"ಸರ ಬರಕೊಳ್ಳಾಕಽ ಬಂದಾರ."

ಗೋಲಿ ಕೈಗವಸು ಕಳಚಿ, ನಿಂತು, ಒಪ್ಪಿಸಿದ. ಆಕೆ ಸೆರಗು ಬಾಯಿಗೆ ಹಿಡಿದು ಕೇಳಿದರು. ಅಳುತ್ತಿದ್ದಾರೆಂದೇ ನಾನು ಭಾವಿಸಿದೆ, ಭುಜಗಳು ಕುಣಿಯುವುದನ್ನು ಕಾಣುವವರೆಗೆ. "ಒಂದು ರವಿವಾರನಾದ್ರೂ ಕರಕೊಂಡು ಹೋಗಬಾರದಾಗಿತ್ತೇನು ಇವರು," ಎಂದರು.

ಆ ಪುಟವನ್ನು ನಾನೇ ಬರೆದೆ. ಆದಷ್ಟು ನಿಷ್ಠನಾಗಿಯೇ ಬರೆದು, ಅಚ್ಚಿಗೆ ಸಲ್ಲದ ಏಳು ಪದಗಳ ಜಾಗದಲ್ಲಿ ಚುಕ್ಕೆಗಳನ್ನಿಟ್ಟು, ಕರಡನ್ನು ಮೂರನೆಯ ಮಾಳಿಗೆಗೆ ಕಳಿಸಿದೆ. ಸಂಜೆ ಮರಳಿ ಬಂತು. ಏಳು ಕಡೆಯೂ ಚುಕ್ಕೆಗಳ ಮೇಲೆ ಗುಂಡಾದ ಅಕ್ಷರಗಳಲ್ಲಿ, ಒಂದೂ ಕಾಗುಣಿತ ತಪ್ಪದೆ, ಪದಗಳನ್ನು ತುಂಬಿದ್ದರು. ಪುಟದ ಅಡಿಯಲ್ಲಿ ಹೀಗೆ ಬರೆದಿದ್ದರು: "ನಾಲ್ಕನೇ ಸಾಲಿನ್ಯಾಗ ಇನ್ನೊಂದು ಇತ್ತಲ್ಲ, ಸರ. ನೀವು ಬಿಟ್ಟೀರಿ."