ನನ್ನ ವಾಕಿಂಗೂ ಬೆರಕೆ ಸೊಪ್ಪೂ

ನಡೆಯೋದೇನು ದೊಡ್ಡ ವಿದ್ಯೆಯೇ? ಅರವತ್ತೆಂಟು ವರ್ಷದಿಂದ ನಡೀತಾನೇ ಇದ್ದೀನಿ. ಅದಕ್ಕೇ ರಾಬರ್ಟ್‌ಸನ್‌ಪೇಟೆ ಡಾಕ್ಟ್ರಮ್ಮ, "ಅಜ್ಜೀ, ಶುಗರ್ ಏರಿದೆ. ದಿನಾ ಅರ್ಧ ಗಂಟೆ ನಿಲ್ಲದೆ ನಡೀರಿ. ತಿಂಗಳಲ್ಲಿ ಇಳೀಲಿಲ್ಲ ಅಂದ್ರೆ ನಿಮ್ಮ ಎರಡು ಮುದ್ದೆ ಕತೆ ಮುಗೀತು" ಅಂದಾಗ ನಕ್ಕುಬಿಟ್ಟೆ.

ಮಾರನೇ ದಿನ ಸೊಸೆ ಮಂಜುಳನ ಬೂಟು ಹಾಕ್ಕೊಂಡು ಕೆರೆ ದಾರಿ ಹಿಡಿದೆ. ಹತ್ತು ಹೆಜ್ಜೆ ಇಟ್ಟಿಲ್ಲ, ಬೇಲಿ ಪಕ್ಕ ಅಣ್ಣೆ ಸೊಪ್ಪು! ಮಳೆ ಬಿದ್ದು ಎಳೇದಾಗಿ ನಿಂತಿತ್ತು. ಬಿಟ್ಟು ಹೋಗೋಕೆ ನನಗೇನು ಕಣ್ಣಿಲ್ಲವಾ? ಕೂತೆ. ಕಿತ್ತೆ. ಎದ್ದೆ. ನಾಲ್ಕು ಹೆಜ್ಜೆಗೆ ಗಣಿಕೆ ಸೊಪ್ಪು. ಮತ್ತೆ ಕೂತೆ. ನೆರೆಯ ಕಾಂತಮ್ಮನ ಹಿತ್ತಲಿಗೆ ಬರೋಷ್ಟರಲ್ಲಿ ಮಡಿಲು ತುಂಬಿತ್ತು, ಬಿಸಿಲೂ ಏರಿತ್ತು.

"ಅಕ್ಕಾ, ವಾಕಿಂಗ್ ಓಯ್ತಿದ್ದೀಯೋ, ಮೇಯ್ತಿದ್ದೀಯೋ?" ಅಂದಳು ಕಾಂತಮ್ಮ.

ಬೆರಕೆ ಸೊಪ್ಪಿನ ಬಸ್ಸಾರು ಮಾಡಿದ ಮೇಲೆ ಎರಡು ಮುದ್ದೆಗೆ ನಿಲ್ಲೋದುಂಟಾ? ಮೂರು ಇಳಿದವು. ಹೀಗೆ ಹದಿನೈದು ದಿನ ನನ್ನ ವಾಯುವಿಹಾರ ಶಿಸ್ತಾಗಿ ನೆರವೇರಿತು!

"ಅತ್ತೇ, ಅಸಿರು ಕಂಡ ಕಡೆ ನಿನ್ನ ಕಾಲು ಓಡಲ್ಲ" ಅಂತ ಮಂಜುಳ, ತಾನು ಕೆಲಸಕ್ಕೆ ಹೋಗೋ ಬಸ್ಸಲ್ಲೇ ಕರ್ಕೊಂಡು ಹೋಗಿ ಪೇಟೆಯ ಪಾರ್ಕಲ್ಲಿ ಬಿಟ್ಟಳು. "ಇಲ್ಲಿ ಕೀಳಾಕೆ ಏನೂ ಇಲ್ಲ. ಸುಮ್ನೆ ಸುತ್ತು ಒಡಿ."

ಅರ್ಧ ಸುತ್ತೂ ಹೊಡೆದಿಲ್ಲ, ಕಣ್ಣಿಗೆ ಬಿತ್ತು. ದಾರಿ ಉದ್ದಕ್ಕೂ ಕೆಂಪು ಹೊನಗೊನೆ ಸೊಪ್ಪು, ಸಾಲಾಗಿ! ಕೇಳೋರೇ ಇಲ್ಲ! ಪೇಟೆ ಜನಕ್ಕೆ ಊಟದ ಬುದ್ಧಿ ಇಲ್ಲ ಅಂದ್ಕೊಂಡು ಎರಡು ಗಜ ಬೋಳಿಸಿದೆ.

"ಅಯ್ಯೋ ಪಾಟಿ! ಅದು ಬಾರ್ಡರ್ ಗಿಡ! ಚೆಂದಕ್ಕೆ ಆಕಿರೋದು!" ಅಜ್ಜಿಗೆ ಪಾಟಿ ಅನ್ನೋ ತಮಿಳು ವಾಚ್‌ಮನ್ ಕೋಲು ಹಿಡಿದು ಓಡಿಬಂದ.

"ತಿನ್ನೋ ಸೊಪ್ಪನ್ನ ಚೆಂದಕ್ಕೆ ಆಕ್ತಾರೇನ್ಲಾ?" ಅಂದೆ. ಅಂದೆನೇ ಹೊರತು ನಿಲ್ಲಲಿಲ್ಲ. ಗೇಟಿನವರೆಗೆ ಒಂದೇ ಓಟ. ಆ ತಿಂಗಳಲ್ಲಿ ನಾನು ನಿಲ್ಲದೆ ಕಾಲು ಹಾಕಿದ್ದು ಅದೊಂದೇ ಸಲ!

ತಿಂಗಳು ತುಂಬಿತು. ಡಾಕ್ಟ್ರಮ್ಮನ ಮನಸ್ಸು ಮೆತ್ತಗೆ ಮಾಡೋಣ ಅಂತ ಕೆರೆ ದಾರಿ ಸೊಪ್ಪನ್ನ ಚೆನ್ನಾಗಿ ಬಿಡಿಸಿ ಬಟ್ಟೇಲಿ ಕಟ್ಕೊಂಡು ಮಂಜುಳನ ಜೊತೆ ಹೋದೆ. ರಕ್ತದ ಚೀಟಿ ನೋಡಿ ಅವರು ಹುಬ್ಬು ಗಂಟು ಹಾಕಿದರು.

"ನಡೆದ್ರಾ ಅಜ್ಜಿ?"

"ದಿನಾ ಎರಡು ಗಂಟೆ ತಾಯೀ!"

"ಎಲ್ಲೀವರೆಗೆ?"

"ಕಾಂತಮ್ಮನ ಇತ್ತಲವರೆಗೆ."

"ಅದು ಎಷ್ಟು ದೂರ?"

ನಾನು ಬಾಯಿ ತೆರೆಯೋ ಮೊದಲೇ ಮಂಜುಳ ಅಂದಳು: "ನಮ್ಮ ಮನೆಗೆ ನಾಲ್ಕನೇ ಮನೆ, ಮೇಡಂ."

ಡಾಕ್ಟ್ರಮ್ಮ ಸೊಪ್ಪು ಇಸ್ಕೊಂಡರು. ಮುದ್ದೇನೂ ಕಿತ್ಕೊಂಡರು.

ಈಗ ನನ್ನ ತಟ್ಟೇಲಿ ಕೆರೆಯಷ್ಟು ಬಸ್ಸಾರು, ನಡುವೆ ನಿಂಬೆಹಣ್ಣಿನಷ್ಟು ಮುದ್ದೆ. ಬೇಗ ಮುಗಿದೀತು ಅಂತ ಮುರಿಯೋಕೆ ಭಯ. ಬೆರಳು ಅದರ ಸುತ್ತಾನೇ ತಿರುಗ್ತಾ ಇರುತ್ತೆ. ಅರ್ಧ ಗಂಟೆ, ನಿಲ್ಲದೆ!